ಕಡಲಪಾಚಿಯ ಉಲ್ಲಾಸ

ಗಾಜಿನ ಜಾಡಿಯ ನೀರಿಗೆ ಇಲಿಯನ್ನು ಬಿಟ್ಟು, ಅದು ಕೈಕಾಲು ಆಡಿಸದೆ ಎಷ್ಟು ಸೆಕೆಂಡು ತೇಲಿತೆಂದು ಬರೆಯುವುದು ಅವಳ ಕೆಲಸ. ಹೆಚ್ಚು ಹೊತ್ತು ತೇಲಿದರೆ ಖಿನ್ನತೆ, ಈಜಿದರೆ ಉಲ್ಲಾಸ. ಆ ಪ್ರಯೋಗಾಲಯದಲ್ಲಿ ಇಲಿಯ ಮನಸ್ಸಿಗೆ ಇಟ್ಟಿದ್ದ ಅಳತೆಗೋಲು ಅದೊಂದೇ. ತಿಂಗಳಿಡೀ ಮದ್ಯ ಕುಡಿಸಿದ ಇಲಿಗಳು ಒಣಗಿದ ಎಲೆಯಂತೆ ತೇಲಿದವು. ಮದ್ಯದ ಜೊತೆ ಕಡಲಪಾಚಿಯ ಸತ್ವವನ್ನೂ ತಿಂದವು ಮಾತ್ರ ಜಾಡಿಯ ಅಂಚು ಹತ್ತಲು ನೋಡಿದವು. ಪ್ರೊಫೆಸರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮನೆಯಲ್ಲೂ ಒಬ್ಬರು ತೇಲುತ್ತಿದ್ದರು. ದರ್ಜಿ ಗಂಡ ಸಂಜೆ ಕುಡಿದು, ಬೆಳಿಗ್ಗೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೂರುತ್ತಿದ್ದ. ಹನ್ನೊಂದು ವರ್ಷ ಹೇಳಿ ಹೇಳಿ ಅವಳ ನಾಲಿಗೆ ಸವೆದ ಮೇಲೆ, ಅಂಥದೊಂದು ಬೆಳಿಗ್ಗೆ ಅವನೇ ಅಂದ: "ಸಾಕಾಗಿದೆ. ಕುಡಿತ ಬಿಡಿಸೋ ಆಸ್ಪತ್ರೆಗೆ ಹೋಗೋಣ."

ಆಸ್ಪತ್ರೆಯವರು ಎರಡು ವಾರ ಬಿಟ್ಟು ಸೋಮವಾರ ಬರಹೇಳಿದರು. ಅಲ್ಲಿಯವರೆಗೆ ಅವನನ್ನು ಹಾಗೆ ನೋಡುತ್ತಿರಲು ಅವಳ ಕರುಳು ಒಪ್ಪಲಿಲ್ಲ. ಪ್ರಯೋಗಾಲಯದಲ್ಲಿ ಎಸೆಯಲಿಟ್ಟಿದ್ದ ಪಾಚಿಯ ಪುಡಿಯನ್ನು ಡಬ್ಬಿಯಲ್ಲಿ ತಂದು ದಿನಾ ನೀರಿಗೆ ಕಲಸಿ ಕೊಟ್ಟಳು.

"ಇದೇನು, ಮೀನಿನ ತೊಟ್ಟಿ ತೊಳೆದ ನೀರಾ?"

"ಕಣ್ಣು ಮುಚ್ಚಿ ಕುಡೀರಿ. ಇದಕ್ಕಿಂತ ಕೆಟ್ಟದ್ದನ್ನ ಕಣ್ಣು ಬಿಟ್ಟೇ ಕುಡಿದಿದ್ದೀರಿ."

ಸೋಮವಾರ ಬೆಳಿಗ್ಗೆ ಅವನು ಶಿಳ್ಳೆ ಹಾಕುತ್ತ ಗುಂಡಿ ಹೊಲಿಯುತ್ತಿದ್ದ.

"ಹೊರಡಿ, ಆಸ್ಪತ್ರೆಗೆ ಹೊತ್ತಾಯ್ತು."

"ನನಗೇನಾಗಿದೆ? ನಿನ್ನೆ ಅರ್ಧ ಬಾಟಲಿ ಏರಿಸಿದೀನಿ, ನೋಡು, ಹೂವಿನ ಥರ ಇದೀನಿ. ದುಃಖ ಇದ್ದೋರು ಹೋಗ್ಲಿ."

ಅವಳೊಬ್ಬಳೇ ಹೋದಳು. ಡಾಕ್ಟರಮ್ಮ ಅವಳ ಬೆನ್ನ ಹಿಂದೆ ಬಾಗಿಲಿನತ್ತ ನೋಡಿದರು. "ನಿಮ್ಮ ಯಜಮಾನ್ರು ಎಲ್ಲಿ?"

"ಖುಷಿಯಾಗಿದ್ದಾರೆ."

"ಕುಡಿಯೋದು ಬಿಟ್ರಾ?"

"ಇಲ್ಲ. ಬೇಜಾರು ಮಾಡ್ಕೊಳೋದು ಬಿಟ್ರು."

"ಬಿಡಬೇಕು ಅಂತ ಅವರಿಗೇ ಅನ್ನಿಸ್ಬೇಕಮ್ಮ. ಅನ್ನಿಸಿದ ದಿನ ಯಾವಾಗ ಬೇಕಾದ್ರೂ ಕರ್ಕೊಂಡು ಬನ್ನಿ."

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಅವಳು ಪ್ರೊಫೆಸರರನ್ನು ಕೇಳಿದಳು: "ಸರ್, ಪಾಚಿ ತಿಂದ ಇಲಿಗಳು ಕುಡಿಯೋದನ್ನ ಕಡಿಮೆ ಮಾಡಿದ್ವಾ?"

"ಅದು ಅವುಗಳ ಕೈಲಿ ಎಲ್ಲಿದೆಯಮ್ಮಾ? ಕುಡಿಸೋರು ನಾವು." ಅವರು ಪ್ರಬಂಧಕ್ಕೆ ತಲೆಬರಹ ಹುಡುಕುವುದರಲ್ಲಿದ್ದರು.

ಸಂಜೆ ಮನೆಗೆ ಬಂದವಳೇ ಡಬ್ಬಿಯನ್ನು ಮೋರಿಗೆ ಬೋರಲು ಹಾಕಿದಳು. ಗಂಡ ಇನ್ನೂ ಮೂರು ದಿನ ಶಿಳ್ಳೆ ಹಾಕಿದ. ಅವಳು ಹಲ್ಲು ಕಚ್ಚಿ ಸಹಿಸಿಕೊಂಡಳು. ನಾಲ್ಕನೆಯ ಬೆಳಿಗ್ಗೆ ಅವನು ಬ್ರಷ್ ಕೈಯಲ್ಲೇ ಹಿಡಿದು ಬಚ್ಚಲಿನ ಹೊಸ್ತಿಲ ಮೇಲೆ ಕುಸಿದಿದ್ದ.

"ನಾನು ಯಾತಕ್ಕೂ ಲಾಯಕ್ಕಿಲ್ಲ ಅನ್ಸುತ್ತೆ," ಅಂದ.

ಅವಳಿಗೆ ಎದೆ ತುಂಬಿ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು.

"ಹೌದು," ಅಂದಳು, ಇಸ್ತ್ರಿ ಮಾಡಿಟ್ಟಿದ್ದ ಅಂಗಿಯನ್ನು ಅವನ ಕೈಗೆ ಕೊಡುತ್ತ. "ಬೇಗ ಹಾಕ್ಕೊಳ್ಳಿ, ಹೋಗೋಣ."