ಉಂಡಾಯ್ತಾ ಮುತ್ತಜ್ಜಿ?

ಕಡಲತಡಿಯ ಕೋಡಿ ಎಂಬ ಊರಿನಲ್ಲಿ ಮಧ್ಯಾಹ್ನ ದಾರಿಯಲ್ಲಿ ಹೋಗುವವರು ಜಗಲಿಯಲ್ಲಿ ಕೂತವರನ್ನು ಊಟ ಆಯಿತೇ ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಸುಗುಣಳ ಮರ್ಯಾದೆ ಹೋದದ್ದು ಆ ಒಂದು ಮಾತಿನಿಂದ.

ತೊಂಬತ್ತು ದಾಟಿದ ಅವಳ ಅತ್ತೆ, ಊರಿಗೆಲ್ಲ ಮುತ್ತಜ್ಜಿ, ಉಂಡು, ಕೈತೊಳೆದು, ಜಗಲಿಗೆ ಬಂದು ಕೂರುತ್ತಿದ್ದಳು. ಯಾರಾದರೂ ಕೇಳಿದರೆ, "ಇಲ್ಲೆ ಮಗಾ, ಈ ಮನ್ಯಗೆ ನಂಗೆ ಯಾರ್ ಬಡಿಸ್ತ್ರ್?" ಎನ್ನುತ್ತಿದ್ದಳು. ಅದು ಸುಳ್ಳಲ್ಲ, ಉಂಡದ್ದು ಅವಳಿಗೆ ನೆನಪೇ ಇರುತ್ತಿರಲಿಲ್ಲ. ಸೊಸೆ ಅತ್ತೆಯನ್ನು ಉಪವಾಸ ಹಾಕುತ್ತಾಳೆ ಎಂಬ ಮಾತು ಮೀನು ಮಾರ್ಕೆಟ್ಟಿನ ತನಕ ಹೋಯಿತು. ಕೊನೆಗೆ ಸುಗುಣ ಮಧ್ಯಾಹ್ನವಾದರೆ ಹೊರಗಿನಿಂದ ಚಿಲಕ ಹಾಕಿ, ಉಣ್ಣುವುದನ್ನೂ ಬಿಟ್ಟು, ತಾನೇ ಜಗಲಿಯಲ್ಲಿ ಕೂರತೊಡಗಿದಳು. ಒಳಗೆ ಮುದುಕಿ ಬಾಗಿಲು ಬಡಿಯುತ್ತಿದ್ದಳು.

ಗಂಗೊಳ್ಳಿಗೆ ಮದುವೆ ಮಾಡಿಕೊಟ್ಟ ಮುತ್ತಜ್ಜಿಯ ಮಗಳು ವನಜ ಸುದ್ದಿ ಕೇಳಿ ಬಂದದ್ದು ಅಂಥದೇ ಹೊತ್ತಿಗೆ.

"ಎಂತ ಅತ್ತಿಗಿ, ಅಬ್ಬಿನ ಕೂಡಿ ಹಾಕಿದ್ಯಾ?" ಎಂದಳು, ತಾಯಿ ಒಳಗಿನಿಂದ ಬಾಗಿಲು ಬಡಿಯುವುದನ್ನು ಕೇಳಿ.

"ಹೊರ್ಗ್ ಬಿಟ್ರೆ ನನ್ ಮಾನ ಹೋತ್ತ್. ಮರವಿನ ಕಾಯ್ಲಿ ಅಂದ್ರ್ ಡಾಕ್ಟ್ರ್. ಇಷ್ಟ್ ವಯಸ್ಸಾದ್ ಮೇಲೆ ಮೂರ್ನಾಕ್ ಜನ್ರಗ್ ಒಬ್ರಿಗಾರೂ ಬತ್ತ್ ಅಂಬ್ರ್. ಹೇಳ್ರೆ ಯಾರ್ ನಂಬ್ತ್ರ್?"

"ನಮ್ಮಬ್ಬಿಗೆ ಮರ್ಲ್ ಅಂದ್ ಹೇಳುಕೆ ಬರ್ಬೇಡ. ಅವ್ಳಿಗೆ ಈಗಳೂ ನನ್ ಹೆಸ್ರ್ ಗೊತ್ತಿತ್ತ್, ಬಂಗುಡಿ ಸಾರಿಗೆ ಹುಳಿ ಎಷ್ಟ್ ಅಂತ ಗೊತ್ತಿತ್ತ್. ಹೊಟ್ಟಿ ಹಸ್ದದ್ದ್ ಮಾತ್ರ ಗೊತ್ತಾತಿಲ್ಯಾ?"

ಸುಗುಣ ಚಿಲಕ ತೆಗೆದು, ಅನ್ನ ಬಡಿಸಿದ ತಟ್ಟೆಯನ್ನು ನಾದಿನಿಯ ಕೈಗೇ ಕೊಟ್ಟಳು. ವನಜ ತಾಯಿಯನ್ನು ಜಗಲಿಯಲ್ಲಿ ಕೂರಿಸಿ, ಬಂಗುಡೆಯ ಮುಳ್ಳು ಬಿಡಿಸಿ ತುತ್ತು ತುತ್ತಾಗಿ ಉಣ್ಣಿಸಿದಳು. ತಟ್ಟೆ ಖಾಲಿಯಾಗುವ ಹೊತ್ತಿಗೆ ನೆರೆಮನೆಯ ಕಮಲ ಬೇಲಿಯಾಚೆ ಬಂದು ನಿಂತಳು.

"ಹ್ವಾಯ್, ಉಂಡಾಯ್ತಾ ಮುತ್ತಜ್ಜಿ?"

"ಇಲ್ಲೆ ಮಗಾ. ನಿನ್ನೆಯಿಂದ ಒಂದ್ ಅಗ್ಳ್ ಕಾಣ್ಲಿಲ್ಲೆ."

ವನಜಳ ಕೈಯ ಸಾರು ಇನ್ನೂ ಆರಿರಲಿಲ್ಲ. ಅವಳು ತಾಯಿಯ ಮುಖ ನೋಡಿದಳು. ಅಲ್ಲಿ ಕಪಟವಿರಲಿಲ್ಲ, ಹಸಿವಿತ್ತು.

"ಈಗಳೇ ಉಂಡದ್ದ್, ನಾನೇ ಉಣ್ಸದ್ದ್" ಎಂದಳು ಕಮಲಳತ್ತ ತಿರುಗಿ. "ಅಬ್ಬಿಗೆ ನೆಂಪ್ ನಿಲ್ಲುದಿಲ್ಲೆ ಕಮಲಕ್ಕ. ಅದ್ ಕಾಯ್ಲಿ. ಅತ್ತಿಗಿದ್ ಎಂತ ತಪ್ಪಿಲ್ಲೆ."

ಕಮಲ ಬೇಲಿಗೆ ಇನ್ನಷ್ಟು ಹತ್ತಿರ ಬಂದು ದನಿ ತಗ್ಗಿಸಿದಳು.

"ನಮ್ಮತ್ತಿಗೂ ಕಡಿಗಾಲದಗೆ ಹಿಂಗೇ ಇದ್ದಿತ್. ಜನ ನಗಾಡ್ತ್ರ್ ಅಂದೇಳಿ ನಾವ್ ಯಾರಿಗೂ ಹೇಳ್ಲಿಲ್ಲೆ."

ಅವಳು ಬೇಲಿ ದಾಟಿ ಬಂದು ಮುದುಕಿಯ ಪಕ್ಕ ಕೂತಳು. "ಸಾರ್ ಕುದೀತಾ ಇತ್ತ್ ಅಜ್ಜಿ, ಒಂಚೂರ್ ತಡಿನಿ." ಮುತ್ತಜ್ಜಿ ಸಮಾಧಾನದಿಂದ ತಲೆಯಾಡಿಸಿದಳು.

"ನೀ ಒಳಗ್ ಹೋಗ್ ಸುಗುಣ. ನಾ ಇಲ್ ಕೂಕಂತೆ" ಎಂದಳು ಕಮಲ.

ಸುಗುಣ ಬಾಗಿಲನ್ನು ಪೂರ್ತಿ ತೆರೆದಿಟ್ಟು ಒಳಗೆ ಹೋದಳು. ತಣಿದ ಅನ್ನವನ್ನು ತಟ್ಟೆಗೆ ಹಾಕಿಕೊಂಡು, ಗೋಡೆಗೆ ಒರಗಿ ಕೂತು, ನಿಧಾನವಾಗಿ ಉಂಡಳು.