ಅಪ್ಪ ಇರುವವನು ಮುಟ್ಟಬಾರದ್ದು

ಚಾಕು ತನ್ನ ಕೈಗೆ ಹೇಗೆ ಬಂತೆಂದು ಸಿರ್ಗಾಕ್‌ಗೆ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ದೊಡ್ಡಪ್ಪ ಶಾರ್ಶೆನ್, ಬೇಯಿಸಿದ ಕುರಿಯ ತಲೆಯನ್ನು ಅವನ ಮುಂದೆ ಸರಿಸಿ, ಹಿಡಿಯನ್ನು ಅವನ ಕಡೆ ಮಾಡಿ ಚಾಕು ಚಾಚಿ, "ಕೊಯ್ಯಪ್ಪ" ಎಂದಿದ್ದರು. ಅವನು ತೆಗೆದುಕೊಂಡಿದ್ದ. ಬಲಗಿವಿಯನ್ನು ಕೊಯ್ದು ತಟ್ಟೆಯಂಚಿಗೆ ಇಟ್ಟು, ಕೆನ್ನೆಯ ಮಾಂಸಕ್ಕೆ ಚಾಕು ಇಳಿಸಿದ ಮೇಲೆಯೇ ಕೋಣೆಯಲ್ಲಿ ಯಾರೂ ಮಾತಾಡುತ್ತಿಲ್ಲ ಎಂದು ಅವನಿಗೆ ಹೊಳೆದದ್ದು. ಚಹಾ ಬಗ್ಗಿಸುತ್ತಿದ್ದ ಅಕ್ಕ ಗುಲ್‌ಸುನ್ ಕೆಟಲ್ ಎತ್ತಿ ಹಿಡಿದು ಹಾಗೇ ನಿಂತುಬಿಟ್ಟಿದ್ದಳು. ಬಟ್ಟಲು ತುಂಬಿ ಚಹಾ ಹಾಸಿನ ಮೇಲೆ ಹರಿಯುತ್ತಿತ್ತು.

ಎದುರಿಗೆ ಮೂರು ದಿಂಬಿಗೆ ಒರಗಿ ಕೂತಿದ್ದ ಅಪ್ಪ ತೆಮಿರ್ಕುಲ್ ಮಗನ ಕೈಯನ್ನೇ ನೋಡುತ್ತಿದ್ದರು.

ಅಪ್ಪ ಬದುಕಿರುವವನು ಕುರಿಯ ತಲೆಗೆ ಚಾಕು ಹಾಕುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಉಸಿರಾಡುವುದನ್ನು ಕಲಿಸದ ಹಾಗೆ.

ಆರು ವಾರದಿಂದ ಆ ಮನೆಯಲ್ಲಿ ಕಾಯಿಲೆಗೆ ಇದ್ದ ಹೆಸರು ಕಲ್ಲು. ಪಿತ್ತಕೋಶದಲ್ಲಿ ಕಲ್ಲಂತೆ. ಕಣ್ಣು, ಚರ್ಮ ಎಲ್ಲ ಹಳದಿಯಾಗಿ ಅಪ್ಪ ತಾವು ಓಡಿಸುವ ಕಲ್ಲಿದ್ದಲು ಲಾರಿಯನ್ನು ತಮ್ಮೂರು ನಾರಿನ್‌ನಲ್ಲೇ ನಿಲ್ಲಿಸಿ ರಾಜಧಾನಿ ಬಿಷ್ಕೆಕ್‌ಗೆ ಮಗಳ ಮನೆಗೆ ಬಂದಾಗ, ಡಾಕ್ಟರ್ ಮೇದೆರ್ ಅಪ್ಪನ ಬಾಯಿಯ ಮೂಲಕ ಸಣ್ಣ ಕೊಳವೆ ಇಳಿಸಿ ಪಿತ್ತಕ್ಕೆ ದಾರಿ ಮಾಡಿಕೊಟ್ಟಿದ್ದರು. ಹಳದಿ ಇಳಿಯಿತು. ಆಮೇಲೆ ಅವರು ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಹಾಳೆಯ ಮೇಲೆ ಚಿತ್ರ ಬರೆದರು. ಮೇದೋಜ್ಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ. ಅದಿರುವ ತುದಿ, ಅದಕ್ಕೆ ಅಂಟಿಕೊಂಡ ಸಣ್ಣಕರುಳಿನ ತುಂಡು, ಪಿತ್ತಕೋಶ ಎಲ್ಲವನ್ನೂ ತೆಗೆದು, ಉಳಿದದ್ದನ್ನು ಕರುಳಿಗೆ ಮೂರು ಕಡೆ ಹೊಲಿಯಬೇಕು. ಆರೇಳು ಗಂಟೆಯ ಕೆಲಸ. ಪಕ್ಕದ ದೊಡ್ಡ ರಕ್ತನಾಳವನ್ನು ಗಡ್ಡೆ ಇನ್ನೂ ಮುಟ್ಟಿಲ್ಲ, ಬೇರೆಲ್ಲೂ ಹರಡಿದಂತೆ ಕಾಣುತ್ತಿಲ್ಲ, ಎರಡು ವಾರದಲ್ಲಿ ಮಾಡೋಣ ಎಂದರು. ಅವರದು ಒಂದೇ ಷರತ್ತು: ತನಗೇನಾಗಿದೆ ಎಂದು ರೋಗಿಗೆ ತಿಳಿದಿರಬೇಕು, ತಿಳಿದೇ ಸಹಿ ಹಾಕಬೇಕು.

ಕೂಡದು ಎಂದರು ದೊಡ್ಡಪ್ಪ. ಹಾಗೆಲ್ಲ ಮುಖದ ಮೇಲೆ ಹೇಳಿ ಮನುಷ್ಯನನ್ನು ಕೊಲ್ಲುವ ರೂಢಿ ನಮ್ಮಲ್ಲಿಲ್ಲ, ಹೇಳದೆಯೇ ಕೊಯ್ಯುವ ಡಾಕ್ಟರನ್ನು ಹುಡುಕಿ ಎಂದರು. ಮಕ್ಕಳು ಹುಡುಕಿದರು. ಮೂರು ಆಸ್ಪತ್ರೆ ತಿರುಗಿದರು. ವಾರಗಳು ಹೋದವು. ಸ್ಕ್ಯಾನ್ ಚಿತ್ರಗಳ ಲಕೋಟೆ ಗುಲ್‌ಸುನ್‌ಳ ಬೀರುವಿನ ಮೇಲೆ ಪೇರಿಸಿಟ್ಟ ಹಾಸಿಗೆಗಳ ಅಡಿ ಬಿದ್ದಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಟೈರ್ ಪಂಕ್ಚರ್ ಅಂಗಡಿ ಸೇರಿದ್ದ ಸಿರ್ಗಾಕ್ ಫೋನಿನಲ್ಲಿ ದೊಡ್ಡಪ್ಪನ ಮೇಲೆ ಕೂಗಾಡಿದ. ಸ್ಪ್ಯಾನರ್ ಎಸೆದು ಅಂಗಡಿಯ ಕನ್ನಡಿ ಒಡೆದ. ಅಷ್ಟೆಲ್ಲ ಮಾಡಿ ಸಂಜೆ ಮನೆಗೆ ಬಂದು ಅಪ್ಪನ ಕಾಲು ಒತ್ತುತ್ತಾ, ಕಲ್ಲು ಸಣ್ಣದೇ ಅಂತೆ ಎನ್ನುತ್ತಿದ್ದ. ಕೂಗುವುದು ಸುಲಭವಿತ್ತು. ಆ ಒಂದು ಮಾತು ಹೇಳುವುದಷ್ಟೇ ಆಗುತ್ತಿರಲಿಲ್ಲ.

ಕೊನೆಗೆ ಮಕ್ಕಳಿಬ್ಬರೂ ಮೇದೆರ್ ಡಾಕ್ಟರ ಕಾಲಿಗೇ ಬಂದು ಬಿದ್ದು ಷರತ್ತಿಗೆ ಒಪ್ಪಿದರು. ಡಾಕ್ಟರು ಬುಧವಾರ ಆಪರೇಷನ್ ಎಂದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೇಳಿಬಿಡುವುದೆಂದು ತೀರ್ಮಾನವಾಗಿ, ಅದಕ್ಕೆಂದೇ ದೊಡ್ಡಪ್ಪ ನಾರಿನ್‌ನಿಂದ ಕುರಿ ತಂದಿದ್ದರು. ಹಿರಿಯರಾದ್ದರಿಂದ ತಲೆ ಅವರ ಮುಂದೆಯೇ ಬಂದಿತ್ತು. ಬೆಳಗಿನಿಂದ ತಮ್ಮನ ಮುಖ ನೋಡದಿರುವುದರಲ್ಲೇ ಅವರ ಶಕ್ತಿಯೆಲ್ಲ ಖರ್ಚಾಗಿತ್ತು. ತಮ್ಮನಿಲ್ಲದ ಮನೆಯೇ ಅವರ ಕಣ್ಣಿಗೆ ಕಟ್ಟಿತ್ತೇನೋ, ಆ ಮನೆಯ ಯಜಮಾನನಿಗೆ ಕೊಡುವ ಹಾಗೆ ಹುಡುಗನಿಗೆ ಚಾಕು ಕೊಟ್ಟುಬಿಟ್ಟಿದ್ದರು.

"ಅಣ್ಣಾ," ಎಂದರು ಅಪ್ಪ. ದನಿಯಲ್ಲಿ ಯಾವತ್ತಿನ ಕೀಟಲೆಯೇ ಇತ್ತು. "ನನ್ನ ಸಾವಿನ ಊಟ ಚೆನ್ನಾಗಿತ್ತಾ? ಒಂದು ಮಾತು ಹೇಳಿ ಕಳಿಸಿದ್ರೆ ನಾನೂ ಬರ್ತಿದ್ನಲ್ಲ."

ದೊಡ್ಡಪ್ಪ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಗುಲ್‌ಸುನ್ ಕೆಟಲ್ ಕೆಳಗಿಟ್ಟು, ಅದು ಮರೆತು ಆಗಿದ್ದು ಅಪ್ಪಾ ಎಂದು ಏನೋ ಶುರುಮಾಡಿದಳು. ತೆಮಿರ್ಕುಲ್ ಅವಳ ಕಡೆ ತಿರುಗಲಿಲ್ಲ.

"ಸಿರ್ಗಾಕ್. ನೀನು ಹೇಳು."

"ಕಲ್ಲಲ್ಲ," ಎಂದ ಸಿರ್ಗಾಕ್. ಬೆರಳಿಗೆಲ್ಲ ಕೊಬ್ಬು ಮೆತ್ತಿತ್ತು. "ಕ್ಯಾನ್ಸರ್."

"ಯಾವಾಗಿಂದ ಗೊತ್ತು?"

"ಆರು ವಾರ."

ಅಪ್ಪ ಕಿಟಕಿಯ ಕಡೆ ತಿರುಗಿದರು. ಹೊರಗೆ ಪಕ್ಕದ ಮನೆಯವರು ಕಂಬಳಿ ಬಡಿಯುತ್ತಿದ್ದರು. ಕೊಯ್ದರೆ ಬದುಕುವುದುಂಟು, ಬುಧವಾರಕ್ಕೆ ಡಾಕ್ಟರು ಒಪ್ಪಿದ್ದಾರೆ, ಇದೊಂದೇ ದಾರಿ ಉಳಿದಿರುವುದು ಎಂದು ಸಿರ್ಗಾಕ್ ಒಂದರ ಮೇಲೊಂದು ಹೇಳುತ್ತಾ ಹೋದ. ಬೇಡ ಎನ್ನಬೇಡ ಅಪ್ಪ ಎಂದು ಮಂಡಿಯ ಮೇಲೆ ಮುಂದಕ್ಕೆ ಬಂದ. ಚಾಕು ಇನ್ನೂ ಕೈಯಲ್ಲೇ ಇತ್ತು.

"ಕುರೀನ ಕೊಯ್ಯೋ ಮುಂಚೆ ಬಾಗಿಲ ಹತ್ರ ತಂದು ನಿಲ್ಲಿಸ್ತೀವಿ," ಎಂದರು ಅಪ್ಪ ನಿಧಾನವಾಗಿ. "ಎಲ್ರೂ ಕೈಯೊಡ್ಡಿ ಪ್ರಾರ್ಥನೆ ಮಾಡ್ತೀವಿ, ಅದು ನಮ್ಮನ್ನ ನೋಡುತ್ತೆ. ಅಷ್ಟಾದ್ಮೇಲೇನೆ ಕೊಯ್ಯೋದು. ನನಗೆ ಅಷ್ಟೂ ಮಾಡ್ಲಿಲ್ವಲ್ಲೋ ನೀವು."

ಗುಲ್‌ಸುನ್ ಹಾಸಿನ ಮೇಲೆ ಹರಿದ ಚಹಾ ಒರೆಸತೊಡಗಿದಳು.

"ಅವತ್ತೇ ಹೇಳಿದ್ರೆ ಅವತ್ತೇ ಹೋಗ್ತಿದ್ದೆ," ಎಂದರು. "ನಾನೇನು ಚಿಕ್ಕ ಮಗೂನಾ. ಹಿಮ ಬಿದ್ದ ಘಾಟೀಲಿ ಬ್ರೇಕ್ ಹೋದ ಲಾರಿ ಇಳಿಸಿದವನು."

ಆಮೇಲೆ ಕೈ ಚಾಚಿದರು. ಸಿರ್ಗಾಕ್ ಚಾಕು ಕೊಟ್ಟ. ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, ಮೂಳೆ ಎದ್ದ ಮಣಿಕಟ್ಟನ್ನು ಮಂಡಿಗೆ ಆನಿಸಿ, ಅಪ್ಪ ತಲೆಯನ್ನು ಪೂರ್ತಿ ಬಿಡಿಸಿದರು. ಅವರವರ ಪಾಲನ್ನು ಅವರವರಿಗೆ ಕೊಟ್ಟರು. ತಾವು ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಹೊಟ್ಟೆಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಕೈ ಒರೆಸಿಕೊಂಡು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರು. ಆಪರೇಷನ್ ಆದ ಎಷ್ಟು ದಿನಕ್ಕೆ ಲಾರಿ ಹತ್ತಬಹುದು ಎಂದೂ ಕೇಳಿದರು.

ಬುಧವಾರ ಬೆಳಿಗ್ಗೆ ಮೇದೆರ್ ಡಾಕ್ಟರು ಅಪ್ಪನಿಗೇ ಎಲ್ಲ ವಿವರಿಸಿದರು. ಮೊದಲು ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುತ್ತೇವೆ. ಯಕೃತ್ತಿನ ಮೇಲೆ ಬಿಳಿ ಕಾಳುಗಳು ಕಂಡರೆ ರೋಗ ಹರಡಿದೆ ಎಂದರ್ಥ, ಅಲ್ಲಿಗೇ ಮುಚ್ಚುತ್ತೇವೆ, ಕೊಯ್ದು ಪ್ರಯೋಜನವಿಲ್ಲ. ಏನೂ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ, ಸಂಜೆಯವರೆಗೂ ಆಗುತ್ತದೆ. ಅಪ್ಪ ತಲೆಯಾಡಿಸಿ, ಸಂಜೆಯವರೆಗೂ ಇರಿ ಡಾಕ್ಟ್ರೇ, ನನಗೇನು ಅವಸರ ಇಲ್ಲ ಎಂದರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ತಮ್ಮ ಬಿಳಿ ಉಣ್ಣೆಯ ಟೊಪ್ಪಿ ತೆಗೆದು ಮಗನ ಕೈಗೆ ಕೊಟ್ಟರು. "ನೆಲಕ್ಕಿಡಬೇಡ. ತಲೆಗೂ ಹಾಕ್ಕೋಬೇಡ. ನಿನ್ನ ಕೈ ಭಾನುವಾರದಿಂದ ಹೇಳಿದ ಮಾತು ಕೇಳ್ತಿಲ್ಲ."

ಬಾಗಿಲು ಮುಚ್ಚಿದಾಗ ಒಂಬತ್ತು ಗಂಟೆ. ಸಿರ್ಗಾಕ್ ಬೆಂಚಿನ ಮೇಲೆ ಕೂತು ಟೊಪ್ಪಿಯನ್ನು ಪಕ್ಕದಲ್ಲಿಟ್ಟುಕೊಂಡ. ಎದುರು ಗೋಡೆಗೆ ಒರಗಿ ದೊಡ್ಡಪ್ಪ ನಿಂತಿದ್ದರು. ಭಾನುವಾರದಿಂದ ಅವನು ಅವರೊಡನೆ ಮಾತಾಡಿರಲಿಲ್ಲ. ತನ್ನೊಡನೆ ತಾನೂ ಮಾತಾಡಿಕೊಂಡಿರಲಿಲ್ಲ. ಗಡಿಯಾರದ ಮುಳ್ಳು ಹತ್ತನ್ನು ದಾಟಿಬಿಡಲಿ ಎಂದು ಹಲ್ಲು ಕಚ್ಚಿ ನೋಡುತ್ತಿದ್ದ. ಹತ್ತು ದಾಟಲಿ. ಆಮೇಲೆ ಹನ್ನೊಂದು, ಮಧ್ಯಾಹ್ನ, ಸಂಜೆ. ಎಷ್ಟು ಹೊತ್ತಾದರೂ ಆಗಲಿ. ಒಂಬತ್ತೂಕಾಲಾಯಿತು. ಒಂಬತ್ತೂವರೆಯಾಯಿತು.

ಹತ್ತಕ್ಕೆ ಇಪ್ಪತ್ತು ನಿಮಿಷವಿರುವಾಗ ಬಾಗಿಲು ತೆರೆಯಿತು. ಮೇದೆರ್ ಡಾಕ್ಟರು ಮುಖಗವಸನ್ನು ಕತ್ತಿಗೆ ಇಳಿಸಿಕೊಂಡು ಹೊರಬಂದರು. ಅವರ ಹಸಿರು ನಿಲುವಂಗಿಯ ಮೇಲೆ ಒಂದು ಕಲೆಯೂ ಇರಲಿಲ್ಲ. ಅವರು ನಿಂತು ಮಾತಾಡಲಿಲ್ಲ. ಬೆಂಚಿನ ಹತ್ತಿರ ಬಂದು ಕೂರಲು ಜಾಗ ನೋಡಿದರು.

ಸಿರ್ಗಾಕ್ ಟೊಪ್ಪಿಯನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡು, ಸ್ವಲ್ಪ ಪಕ್ಕಕ್ಕೆ ಸರಿದ.