ಜೋಯಾ ಕೇಳಿದ ಟಕ್

ನಾನು ಒಂದು ಎಣಿಕೆ ಯಂತ್ರ. ಯಂತ್ರ ಎಂದ ಕೂಡಲೇ ದೊಡ್ಡದಾಗಿ ಏನನ್ನೋ ಊಹಿಸಬೇಡಿ. ಮುಷ್ಟಿಯಲ್ಲಿ ಹಿಡಿಸುವಷ್ಟು ಮೈ, ನೆತ್ತಿಯ ಮೇಲೊಂದು ಗುಂಡಿ, ಎದೆಯ ಮೇಲೆ ನಾಲ್ಕು ಅಂಕಿ. ಒತ್ತಿದರೆ ಟಕ್ ಎನ್ನುತ್ತೇನೆ, ಅಂಕಿ ಒಂದು ಏರುತ್ತದೆ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ನನ್ನನ್ನು ನೂರು ಸಲ ಒತ್ತಿ, ನೂರೇ ಬಂತೆಂದು ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದಳು. ಏನನ್ನು ಎಣಿಸಿದೆ ಎಂದು ಮಾತ್ರ ಹೇಳಲಿಲ್ಲ. ಅಂದಿನಿಂದ ನನಗೊಂದು ಚಟ ಅಂಟಿಕೊಂಡಿತು. ಬೆರಳ ಸಂದಿಯಿಂದ ಇಣುಕಿ, ಇವರು ಎಣಿಸುತ್ತಿರುವುದು ಏನನ್ನು ಎಂದು ನೋಡುತ್ತಿರುತ್ತೇನೆ.

ನನ್ನ ಮೊದಲ ಒಡೆಯ ಚನ್ನಬಸಯ್ಯ. ಹುಬ್ಬಳ್ಳಿಯ ಹೊರಗೆ ಹೆದ್ದಾರಿಯ ಪಕ್ಕ ಕುರ್ಚಿ ಹಾಕಿಕೊಂಡು, ಹೋಗಿಬರುವ ವಾಹನಗಳನ್ನು ಎಣಿಸುವುದು ಅವನ ಕೆಲಸ. ಲಾರಿಗೊಂದು ಟಕ್, ಬಸ್ಸಿಗೊಂದು ಟಕ್. ಲಾರಿಯೊಂದು ಬೆನ್ನ ಮೇಲೆ ಟ್ರ್ಯಾಕ್ಟರ್ ಹೊತ್ತುಕೊಂಡು ಬಂದರೆ ಒಂದು ಅನ್ನಬೇಕೋ ಎರಡು ಅನ್ನಬೇಕೋ ಎಂದು ಗಲ್ಲ ಕೆರೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ನಾಲ್ಕು ಬೈಕು ದಾಟಿ ಹೋಗಿರುತ್ತಿದ್ದವು. ಧೂಳು ತಿಂದರೂ ಸುಖವಾಗಿದ್ದೆ. ನಿವೃತ್ತನಾದ ಮೇಲೆ ಅವನು ನನ್ನನ್ನು ಅಣ್ಣನ ಮಗಳು ಶೈಲಶ್ರೀಗೆ ಕೊಟ್ಟ.

ಶೈಲಶ್ರೀಗೆ ಮೂವತ್ತಾರು ವರ್ಷ. ಆಟಿಸಂ ಇರುವ ಮಕ್ಕಳ ಚಿಕಿತ್ಸಾ ಕೇಂದ್ರವೊಂದರಲ್ಲಿ ಏಳು ವರ್ಷಗಳಿಂದ ಆಯಾ. ಮೂಗು ಒರೆಸುವುದು, ಶೂ ತೊಡಿಸುವುದು ಅವಳ ಪಾಲಿನ ಕೆಲಸ. ಮಕ್ಕಳ ಎದುರು ಕೂತು ಚಿಕಿತ್ಸೆ ಕೊಡಬೇಕಾದರೆ ಪ್ರಮಾಣಪತ್ರದ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಗೆ ಕೂರಬೇಕಾದರೆ, ಈಕೆಗೆ ಕೆಲಸ ಬರುತ್ತದೆ ಎಂದು ಮೇಲ್ವಿಚಾರಕಿ ವಿನುತಾ ಮೇಡಂ ಸಹಿ ಹಾಕಬೇಕು. ಹಿಂದೊಮ್ಮೆ ಕೇಳಿದಾಗ ಸಹಿ ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ಅವಳು ನೋಡಿಕೊಳ್ಳುತ್ತಿದ್ದ ಜೋಯಾಳನ್ನು ಹೊಸ ಚಿಕಿತ್ಸಕಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು.

ಜೋಯಾ ಆರು ವರ್ಷದ ಹುಡುಗಿ. ಮಾತಾಡುವುದಿಲ್ಲ. ಆ ಕೇಂದ್ರದಲ್ಲಿ ಶೈಲಶ್ರೀಯ ಸೆರಗನ್ನು ಬಿಟ್ಟು ಬೇರೆ ಯಾರದನ್ನೂ ಅವಳು ಹಿಡಿದವಳಲ್ಲ. ಅವಳನ್ನು ಬಿಟ್ಟುಕೊಡುವುದನ್ನು ನೆನೆದರೆ ಶೈಲಶ್ರೀಗೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ಓದು ಶುರುವಾಯಿತು. ರೊಟ್ಟಿ ಬಡಿಯುವಾಗಲೂ ಓದು. ಹಿಟ್ಟಿನ ಡಬ್ಬಿಗೆ ಪುಸ್ತಕ ಒರಗಿಸಿ, "ಮೊದಲ ಏನಾತು, ಕೂಸು ಏನ್ ಮಾಡ್ತು, ಆಮ್ಯಾಲ ಅದಕ್ಕ ಏನ್ ಸಿಕ್ತು" ಎಂದು ಬಾಯಿಪಾಠ ಮಾಡುತ್ತಿದ್ದಳು. ಮಗುವಿನ ಯಾವ ವರ್ತನೆಯನ್ನು ತಿಳಿಯಬೇಕಾದರೂ ಈ ಮೂರು ಪ್ರಶ್ನೆ ಕೇಳಬೇಕಂತೆ. ಸರಿಯಾಗಿ ಒಪ್ಪಿಸಿದಾಗಲೆಲ್ಲ ನನಗೊಂದು ಒತ್ತು. ಗುಂಡಿಗೆ ಜೋಳದ ಹಿಟ್ಟು ಮೆತ್ತಿಕೊಂಡು ನಾನೂ ಅರ್ಧ ಪಂಡಿತನಾದೆ.

ಕೇಂದ್ರದಲ್ಲಿ ನನ್ನ ಕೆಲಸ ಬೇರೆ. ಜೋಯಾ ಆಗಾಗ ತನ್ನ ಎಡಗೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದಳು. ಹಿಂಗೈ ಕೆಂಪಗೆ ಹುಣ್ಣಾಗಿತ್ತು. ಇಪ್ಪತ್ತು ನಿಮಿಷದಲ್ಲಿ ಎಷ್ಟು ಸಲ ಕಚ್ಚಿಕೊಳ್ಳುತ್ತಾಳೆ ಎಂದು ಎಣಿಸಬೇಕಿತ್ತು. ಮೊದಲ ದಿನ ಒಂಬತ್ತು. ಎರಡು ವಾರದ ಹೊತ್ತಿಗೆ ಇಪ್ಪತ್ತಾರು.

ವಿನುತಾ ಮೇಡಂ ಹಾಳೆ ನೋಡಿ ಕನ್ನಡಕ ತೆಗೆದರು. "ಶೈಲಶ್ರೀ, ಇದು ಇಳೀಬೇಕಿತ್ತು, ಏರಾಕತ್ತೈತಿ. ಶುಕ್ರವಾರ ನಾ ಬಂದು ಕೂಡ್ತೀನಿ. ಆಕಿ ಯಾಕ ಕಚ್ಚಕೋತಾಳ ಅಂತ ನೀವು ಹೇಳಬೇಕು. ಪುಸ್ತಕದಾಗಿಂದಲ್ಲ."

ಶೈಲಶ್ರೀ ಫ್ಯಾನ್ ನಿಲ್ಲಿಸಿ ನೋಡಿದಳು. ಪರದೆ ಎಳೆದಳು. ಹಸಿವಿರಬಹುದೆಂದು ಬಾಳೆಹಣ್ಣು ತಿನ್ನಿಸಿದಳು. ಏನೂ ಆಗಲಿಲ್ಲ. ನನಗೆ ಮಾತ್ರ ಕಾರಣ ಗೊತ್ತಿತ್ತು. ಹುಡುಗಿ ಕಚ್ಚಿಕೊಂಡ ಕೂಡಲೇ ನಾನು ಟಕ್ ಎನ್ನುತ್ತಿದ್ದೆ. ಕೂಡಲೇ ಅವಳ ಕಣ್ಣು ನನ್ನತ್ತ ಬರುತ್ತಿತ್ತು, ಕಿವಿಗೊಡುವಂತೆ ತಲೆ ಒಂದಿಷ್ಟು ವಾಲುತ್ತಿತ್ತು. ಅಷ್ಟು ಕುತೂಹಲದಿಂದ ನನ್ನನ್ನು ಯಾರೂ ನೋಡಿರಲಿಲ್ಲ. ನಿಜ ಹೇಳುತ್ತೇನೆ, ನಾನು ಉಬ್ಬಿಹೋಗಿದ್ದೆ. ಆ ಹುಣ್ಣಿನ ಮೇಲೆ ರಕ್ತ ಕಂಡ ದಿನ ನನಗೆ ನಾಚಿಕೆಯಾಯಿತು. ಆದರೆ ಒತ್ತಿದಾಗ ಸುಮ್ಮನಿರುವುದು ನನ್ನ ಕೈಯಲ್ಲಿಲ್ಲ.

ಶುಕ್ರವಾರ ಮೇಡಂ ಮೂಲೆಯಲ್ಲಿ ಕೂತರು. ಜೋಯಾ ಕಚ್ಚಿಕೊಂಡಳು, ಟಕ್. ಮತ್ತೆ ಕಚ್ಚಿಕೊಂಡಳು, ಟಕ್. ಮೂರನೆಯ ಸಲ ಕೈಗೆ ಹಲ್ಲು ತಾಗಿಸಿ, ಕಚ್ಚದೆ, ಶೈಲಶ್ರೀಯ ಮುಷ್ಟಿಯನ್ನೇ ನೋಡುತ್ತಾ ಕಾದಳು. ನನ್ನ ಮೇಲಿದ್ದ ಹೆಬ್ಬೆರಳು ಅಲ್ಲೇ ನಿಂತಿತು. ಒತ್ತಲಿಲ್ಲ.

"ಮೇಡಂ," ಎಂದಳು ಶೈಲಶ್ರೀ. "ಆಮ್ಯಾಲ ಏನ್ ಸಿಗತೈತಿ ಅನ್ನೋದು ಗೊತ್ತಾತ್ರಿ. ಇದರ ಸಪ್ಪಳರಿ. ಆಕಿ ಕಚ್ಚಿದಾಗೆಲ್ಲ ನಾನ ಕೊಡಾಕತ್ತಿದ್ನಿರಿ. ತಪ್ಪು ನಂದರಿ."

ಪರೀಕ್ಷಿಸಲು ಬಂದವರ ಎದುರೇ ಹಾಗೆ ಒಪ್ಪಿಕೊಂಡರೆ ಸಹಿ ಕೈತಪ್ಪಬಹುದೆಂದು ಅವಳಿಗೆ ಗೊತ್ತಿತ್ತು. ಅಂಗೈಯ ಬೆವರು ನನ್ನ ಮೈಗೆ ತಾಗುತ್ತಿತ್ತು.

"ಹಂಗಾದ್ರ ಈಗ ಏನ್ ಮಾಡ್ತೀರಿ?"

ಶೈಲಶ್ರೀ ಹುಡುಗಿಯ ಕೈಯನ್ನು ಬಾಯಿಂದ ಮೆಲ್ಲಗೆ ಇಳಿಸಿ, ಅಂಗೈ ಬಿಡಿಸಿ, ಬೇಕು ಎಂದು ಕೇಳುವಂತೆ ಮುಂದೆ ಚಾಚಿಸಿದಳು. ಚಾಚಿದ ಕೂಡಲೇ ಟಕ್. ಇನ್ನೊಮ್ಮೆ ಚಾಚಿಸಿದಳು, ಟಕ್. ಏಳನೆಯ ಸಲ ಜೋಯಾ ತಾನಾಗಿಯೇ ಕೈ ಚಾಚಿದಳು.

ಮೇಡಂ ಪೆನ್ನು ತೆಗೆದರು. "ಎರಡು ವಾರದ ಹಾಳಿ ನಾನೂ ನೋಡೀನಿ. ನನಗೂ ಹೊಳೀಲಿಲ್ಲ," ಎಂದು ಸಹಿ ಹಾಕಿದರು. ಮುಂದಿನ ತಿಂಗಳು ಶೈಲಶ್ರೀ ಪರೀಕ್ಷೆಯಲ್ಲೂ ಪಾಸಾದಳು. ಆಯಾ ಆಗಿದ್ದವಳು ಈಗ ಜೋಯಾಳ ಎದುರಿನ ಪುಟ್ಟ ಕುರ್ಚಿಯಲ್ಲಿ ಕೂರುತ್ತಾಳೆ. ಎಣಿಸುವುದಿದ್ದರೆ ಪೆನ್ಸಿಲ್ಲಿನಿಂದ ಸದ್ದಿಲ್ಲದೆ ಗೀಟು ಹಾಕುತ್ತಾಳೆ.

ನನಗೆ ಈಗ ವಯಸ್ಸಾಗಿದೆ. ಸ್ಪ್ರಿಂಗು ಸಡಿಲ, ಮೂರು ಒತ್ತಿದರೆ ಒಂದು ತೋರಿಸುತ್ತೇನೆ. ಆಟಿಕೆಗಳ ಬುಟ್ಟಿಯಲ್ಲಿ ಮರದ ಆನೆಯ ಪಕ್ಕ ನನ್ನ ವಾಸ. ಜೋಯಾ ಕೈ ಚಾಚುತ್ತಾಳೆ, ನನ್ನನ್ನು ಕೊಡುತ್ತಾರೆ, ಅವಳು ಕಿವಿಗೆ ಹಿಡಿದು ಒತ್ತುತ್ತಾಳೆ. ಆ ಕೈಯ ಹುಣ್ಣು ಮಾಗಿ, ಅಲ್ಲಿ ತೆಳುವಾದ ಹೊಸ ಚರ್ಮ ಬಂದಿದೆ.

ನಿನ್ನೆ ಅವಳು ನನ್ನನ್ನು ತನ್ನ ಕಿವಿಗೆ ಹಿಡಿಯಲಿಲ್ಲ. ಕುರ್ಚಿಯಿಂದ ಎದ್ದು ಹೋಗಿ ಶೈಲಶ್ರೀಯ ಕಿವಿಗೆ ಹಿಡಿದು ಒತ್ತಿದಳು. ಸದ್ದು ಚೆನ್ನಾಗಿದೆಯೇ ಎಂದು ಕೇಳುವ ಹಾಗೆ ಅವಳ ಮುಖವನ್ನೇ ನೋಡುತ್ತಾ ನಿಂತಳು.